ಸುತ್ತೋಲೆಯಲ್ಲಿ ಬಾರದ್ದು

2008ರ ಬೇಸಿಗೆ ರಜೆಯಲ್ಲಿ ಬಿಹಾರದಲ್ಲಿ ಒಂದು ತಿಂಗಳ ಓದಿನ ಶಿಬಿರ ನಡೆಯಿತು. ಓದಲು ಬಾರದೆಯೇ ಮೇಲಿನ ತರಗತಿಗಳಿಗೆ ದಾಟಿ ಹೋಗಿದ್ದ ಮಕ್ಕಳನ್ನು ಕೂರಿಸಿಕೊಂಡು ಕಲಿಸಿದವರು ಸರ್ಕಾರಿ ಶಾಲೆಗಳ ಶಿಕ್ಷಕರೇ. ಪ್ರಥಮ್ ಸಂಸ್ಥೆ ಅವರಿಗೆ ತರಬೇತಿ ಕೊಟ್ಟಿತ್ತು, ಸಾಮಗ್ರಿ ಕೊಟ್ಟಿತ್ತು, ಊರಿನ ಸ್ವಯಂಸೇವಕರು ಕೈಜೋಡಿಸಿದ್ದರು. ಪದ್ಧತಿಯಲ್ಲಿ ಗೂಢವೇನೂ ಇರಲಿಲ್ಲ. ಮಗು ಎಷ್ಟನೇ ತರಗತಿ ಎಂದು ಕೇಳುವುದಿಲ್ಲ. ಅಕ್ಷರ ಬರುತ್ತದೆಯೇ, ಪದ ಕೂಡಿಸುತ್ತದೆಯೇ, ನಾಲ್ಕು ಸಾಲು ಓದುತ್ತದೆಯೇ ಎಂದು ನೋಡಿ, ನಿಂತಿರುವಲ್ಲಿಂದ ಮುಂದಕ್ಕೆ ಕರೆದೊಯ್ಯುವುದು, ಅಷ್ಟೆ. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಇದನ್ನು ಅಳೆದು ನೋಡಿದಾಗ, ಆ ಕೆಲವೇ ವಾರಗಳಲ್ಲಿ ಮಕ್ಕಳ ಓದು ಕಣ್ಣಿಗೆ ಕಾಣುವಷ್ಟು ಸುಧಾರಿಸಿತ್ತು.

ರಜೆ ಮುಗಿದು ಶಾಲೆ ತೆರೆಯಿತು. ಅದೇ ಪದ್ಧತಿಯ ತರಬೇತಿ ಮತ್ತು ಸಾಮಗ್ರಿಯನ್ನು ದಿನನಿತ್ಯದ ಶಾಲೆಯೊಳಗೆ ಶಿಕ್ಷಕರ ಕೈಗೆ ಕೊಡಲಾಯಿತು. ಮಕ್ಕಳ ಕಲಿಕೆಯಲ್ಲಿ ಏನೂ ಬದಲಾಗಲಿಲ್ಲ. ಉತ್ತರಾಖಂಡದಲ್ಲೂ ಇದೇ ಆಯಿತು.

ಸರ್ಕಾರಿ ಶಾಲೆಗಳ ಬಗ್ಗೆ ನಾನು ಓದಿದ ಸಂಶೋಧನೆಗಳಲ್ಲಿ ನನ್ನನ್ನು ಬಿಡದೆ ಕಾಡುತ್ತಿರುವುದು ಇದು. ಜೂನ್ ತಿಂಗಳಲ್ಲಿ ಕಲಿಸಬಲ್ಲ ಕೈಗೆ ಜುಲೈ ತಿಂಗಳಲ್ಲಿ ಏನಾಗುತ್ತದೆ?

ಊರ ಹೋಟೆಲಿನಿಂದ ವಿಧಾನಸೌಧದವರೆಗೆ ಇದಕ್ಕೆ ಸಿದ್ಧ ಉತ್ತರವೊಂದಿದೆ: ಮೇಷ್ಟ್ರುಗಳಿಗೆ ಮನಸ್ಸಿಲ್ಲ. ಆ ಮಾತಿಗೆ ಅಂಕಿಅಂಶದ ಬಲವೂ ಇದೆ. 2003ರಲ್ಲಿ ದೇಶದ ಹಲವು ರಾಜ್ಯಗಳಲ್ಲಿ ಹೇಳದೆ ಕೇಳದೆ ಶಾಲೆಗಳಿಗೆ ಹೋಗಿ ನೋಡಿದ ಸಂಶೋಧಕರಿಗೆ ನಾಲ್ವರು ಶಿಕ್ಷಕರಲ್ಲಿ ಒಬ್ಬರು ಶಾಲೆಯಲ್ಲಿ ಸಿಗಲಿಲ್ಲ. ಆ ಶೇ. 25 ಅಲ್ಲಿಂದ ಮುಂದೆ ಪ್ರತಿ ಭಾಷಣದಲ್ಲೂ, ಪ್ರತಿ ಸಂಪಾದಕೀಯದಲ್ಲೂ ಬಂತು. 2017ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಆರು ರಾಜ್ಯಗಳ 619 ಶಾಲೆಗಳಲ್ಲಿ ಇನ್ನೊಂದು ಅಧ್ಯಯನ ಮಾಡಿತು. ಅಲ್ಲೂ ಶೇ. 18.5ರಷ್ಟು ಶಿಕ್ಷಕರು ಶಾಲೆಯಲ್ಲಿರಲಿಲ್ಲ. ಆದರೆ ಆ ಸಂಶೋಧಕರು, ಇಲ್ಲದವರು ಎಲ್ಲಿಗೆ ಹೋಗಿದ್ದಾರೆ ಎಂದೂ ವಿಚಾರಿಸಿದರು. ತರಬೇತಿ, ಸಭೆ, ಇಲಾಖೆಯ ಬೇರೆ ಕೆಲಸ, ಮಂಜೂರಾದ ರಜೆ ಎಲ್ಲ ಕಳೆದ ಮೇಲೆ, ಕಾರಣವಿಲ್ಲದೆ ತಪ್ಪಿಸಿಕೊಂಡವರು ಶೇ. 2.5 ಮಾತ್ರ. ಎರಡೂ ಅಧ್ಯಯನಗಳು ಕಂಡದ್ದು ಒಂದೇ ಖಾಲಿ ಕುರ್ಚಿಯನ್ನು. ಮಗುವಿನ ಪಾಲಿಗೆ ಆ ಕುರ್ಚಿ ಯಾವ ಕಾರಣಕ್ಕೆ ಖಾಲಿಯಾದರೂ ನಷ್ಟ ಒಂದೇ. ಆದರೆ ಮದ್ದು ಒಂದೇ ಅಲ್ಲ. ಕಳ್ಳ ಬೀಳುವ ಶಿಕ್ಷಕರಿಗೆ ಬಯೋಮೆಟ್ರಿಕ್ ಯಂತ್ರ ಸಾಕಾದೀತು. ಇಲಾಖೆಯೇ ಕರೆದೊಯ್ದ ಶಿಕ್ಷಕರಿಗೆ ಯಾವ ಯಂತ್ರ ತರುವುದು?

2025ರ ಸೆಪ್ಟೆಂಬರ್‌ನಲ್ಲಿ ನಮ್ಮ ರಾಜ್ಯದಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಶುರುವಾಯಿತು. ಮನೆ ಮನೆಗೆ ಹೋದವರಲ್ಲಿ ಬಹುಪಾಲು ಸರ್ಕಾರಿ ಶಾಲೆಯ ಶಿಕ್ಷಕರು. ಕೆಲಸ ಮುಗಿಯಲಿಲ್ಲವೆಂದು ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಲಾಯಿತು. ಸಮೀಕ್ಷೆ ಬೇಡವೆಂದು ನಾನು ಹೇಳುವುದಿಲ್ಲ. ಆ ಅಂಕಿಅಂಶ ಬೇಕಾಗಿರುವುದು ಈ ಮಕ್ಕಳ ತಂದೆತಾಯಿಯರಿಗೇ. ನನ್ನನ್ನು ತಟ್ಟಿದ್ದು ಬೇರೆ. ಕಲಿಕೆಯ ದಿನಗಳನ್ನು ಯಾರಿಂದ ತೆಗೆದುಕೊಳ್ಳಬಹುದು ಎಂಬ ಪ್ರಶ್ನೆ ಬಂದಾಗ, ಬೇರೆಲ್ಲೂ ಕಲಿಯಲು ದಾರಿಯಿಲ್ಲದ ಮಕ್ಕಳಿಂದ ತೆಗೆದುಕೊಳ್ಳುವುದು ಎಲ್ಲರಿಗೂ ಸಹಜವೆನ್ನಿಸಿತು. ಪಕ್ಕದ ಕಾನ್ವೆಂಟಿನ ಬಸ್ಸು ಅಷ್ಟರಲ್ಲಾಗಲೇ ಓಡಾಡುತ್ತಿತ್ತು.

ಶಿಕ್ಷಕರನ್ನು ಕಲಿಸಲು ಬಿಟ್ಟರೆ ಏನಾಗುತ್ತದೆಂದು ತೋರಿಸುವ ಹೆಗ್ಗಡದೇವನಕೋಟೆಯ ಕಥೆ ನನಗೆ ಇಲ್ಲಿ ಮುಖ್ಯವಾಗುತ್ತದೆ. 1995ರ ಹೊತ್ತಿಗೆ ಆ ತಾಲ್ಲೂಕಿನ ಕಾಡಂಚಿನ ಶಾಲೆಗಳಲ್ಲಿ, ಜೇನುಕುರುಬರ ಹಾಡಿಗಳ ಮಕ್ಕಳು ಬಂದರೆ ಬಂದರು ಇಲ್ಲದಿದ್ದರೆ ಇಲ್ಲ ಎಂಬಂತಿದ್ದ ಶಾಲೆಗಳಲ್ಲಿ, ನಲಿ-ಕಲಿ ಎಂಬ ಕಲಿಕಾ ಪದ್ಧತಿ ಹುಟ್ಟಿತು. ಯುನಿಸೆಫ್ ನೆರವಿತ್ತು, ಅನಿತಾ ಕೌಲ್ ಅವರಂಥ ಐಎಎಸ್ ಅಧಿಕಾರಿಯ ಒತ್ತಾಸೆಯಿತ್ತು. ಆದರೆ ಮೊದಲು ಆದದ್ದು ಇಷ್ಟು: ಒಂದಷ್ಟು ಶಿಕ್ಷಕರು ಆಂಧ್ರದ ಮದನಪಲ್ಲಿ ಬಳಿಯ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳಿಗೆ ಹೋಗಿ, ಅಲ್ಲಿ ಒಬ್ಬರೇ ಶಿಕ್ಷಕರು ಬೇರೆಬೇರೆ ಮಟ್ಟದ ಮಕ್ಕಳನ್ನು ಹೇಗೆ ನಡೆಸುತ್ತಾರೆಂದು ಕಣ್ಣಾರೆ ಕಂಡು ಬಂದರು. ಬಂದವರು ಅಲ್ಲಿನ ಕಲಿಕಾ ಕಾರ್ಡುಗಳನ್ನು ಹಾಗೇ ಕನ್ನಡಕ್ಕೆ ಇಳಿಸಲಿಲ್ಲ. ಕೂತು ಚರ್ಚಿಸಿದರು, ತಮ್ಮ ಮಕ್ಕಳಿಗೆ ತಕ್ಕ ಹಾಡು, ಕಥೆ, ಆಟ ಸೇರಿಸಿದರು, ತರಗತಿಯಲ್ಲಿ ಹಿಡಿಸದ್ದನ್ನು ತಿದ್ದಿದರು. ಪಾಠಪುಸ್ತಕದ ಜಾಗಕ್ಕೆ ಕಲಿಕಾ ಏಣಿ ಬಂತು. ಮಗು ತಾನು ಯಾವ ಮೆಟ್ಟಿಲಲ್ಲಿದ್ದೇನೆಂದು ತಾನೇ ನೋಡಿಕೊಂಡು, ಆ ಮೆಟ್ಟಿಲಿನ ಚಿತ್ರದ ಗುರುತಿರುವ ಕಾರ್ಡನ್ನು ತಾನೇ ಎತ್ತಿಕೊಂಡು ಬರುತ್ತದೆ. ಒಂದು ವಾರ ಸಂತೆಗೋ ಜಾತ್ರೆಗೋ ಹೋಗಿ ಬಂದ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ತರಗತಿ ಅದನ್ನು ಬಿಟ್ಟು ಓಡಿಹೋಗಿರುವುದಿಲ್ಲ. ಅಕ್ಷರಗಳೂ ಅ ಆ ಇ ಈ ಎಂದು ಬರುವುದಿಲ್ಲ. ರ ಗ ಸ ದ ಅ ಎಂದು ಬರುತ್ತವೆ, ಬರೆಯಲು ಸುಲಭವಾದವು ಮೊದಲು, ಐದು ಅಕ್ಷರ ಬಂದೊಡನೆ ಪದ ಕಟ್ಟಲು ಬರುವಂತೆ.

2009-10ರಲ್ಲಿ ಸರ್ಕಾರ ಇದನ್ನು ರಾಜ್ಯದ ಎಲ್ಲ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳ ಒಂದು ಎರಡನೇ ತರಗತಿಗಳಿಗೆ ತಂದಿತು, ಮುಂದೆ ಮೂರನೆಯದಕ್ಕೂ. ಒಳ್ಳೆಯದನ್ನು ಒಂದು ತಾಲ್ಲೂಕಿಗೆ ಬಿಡದೆ ಎಲ್ಲರಿಗೂ ಮುಟ್ಟಿಸಬೇಕೆಂಬ ಆಸೆ ಅದು. ಅದನ್ನು ನಾನು ಗೌರವಿಸುತ್ತೇನೆ. ಪ್ರತಿ ಶಾಲೆಗೂ ಕಾರ್ಡು ಹೋಯಿತು, ಏಣಿಯ ಚಿತ್ರಪಟ ಹೋಯಿತು, ದುಂಡು ಮೇಜು ಹೋಯಿತು, ಮಕ್ಕಳ ಕೆಲಸ ತೂಗುಹಾಕುವ ಚಪ್ಪರದ ದಾರ ಹೋಯಿತು. ಹೆಗ್ಗಡದೇವನಕೋಟೆಯ ಶಿಕ್ಷಕರು ಕೂತು ಮಾತಾಡಿದ ಸಂಜೆಗಳು ಮಾತ್ರ ಹೋಗಲಿಲ್ಲ. ಅವು ಸುತ್ತೋಲೆಯಲ್ಲಿ ಹೋಗುವಂಥವಲ್ಲ.

ಹಾಸನದ ಕಡೆಯ ಒಂದು ಕಿರಿಯ ಪ್ರಾಥಮಿಕ ಶಾಲೆಯ ನಲಿ-ಕಲಿ ಕೋಣೆಯಲ್ಲಿ ಕೂತು ನೋಡಿದ್ದೇನೆ. ಮಕ್ಕಳು ಐದು ತಟ್ಟೆಗಳಲ್ಲಿ, ಅಂದರೆ ಗುಂಪುಗಳಲ್ಲಿ, ಕೂರಬೇಕು: ಮೊದಲನೆಯದಕ್ಕೆ ಶಿಕ್ಷಕರ ಪೂರ್ಣ ಸಹಾಯ, ಎರಡನೆಯದಕ್ಕೆ ಅರೆ ಸಹಾಯ, ಮುಂದಿನವುಗಳಿಗೆ ಜೊತೆಯ ಮಕ್ಕಳ ನೆರವು, ಕೊನೆಯದು ಸ್ವಕಲಿಕೆ. ಮೊದಲ ತಟ್ಟೆಯ ಮಗುವಿನ ಪಕ್ಕದಲ್ಲಿ ಟೀಚರು ನೆಲದ ಮೇಲೆ ಕೂತರೆ ಮಾತ್ರ ಈ ಏರ್ಪಾಡಿಗೆ ಜೀವ. ಆಕೆ ಕೂತರು. ಒಂದು ಹುಡುಗಿ ‘ಸರ’ ಎಂದು ಬರೆದು, ಓದಲು ಬಾಯಿ ತೆರೆಯುವಷ್ಟರಲ್ಲಿ ಫೋನು ಬಂತು; ಶೂ ಅಳತೆಯ ಪಟ್ಟಿ ತಕ್ಷಣ ಬೇಕಂತೆ. ಅದು ಮುಗಿಯುವಾಗ ಹಾಲಿನ ಲೆಕ್ಕ. ಜೊತೆಯ ಮೇಷ್ಟ್ರು ಪ್ರಭಾರ ಮುಖ್ಯ ಶಿಕ್ಷಕರು, ಅಂದು ತಾಲ್ಲೂಕಿನ ಮೀಟಿಂಗಿಗೆ ಹೋಗಿದ್ದರು. ನಾಲ್ಕು ಐದನೇ ತರಗತಿಯ ಮಕ್ಕಳನ್ನೂ ಆಕೆಯೇ ಇದೇ ಕೋಣೆಯ ಹಿಂದೆ ಕೂರಿಸಿಕೊಂಡಿದ್ದರು. ಊಟದ ಹೊತ್ತಿಗೆ ಆಕೆ ಹೇಳಿದರು: “ನಲಿ-ಕಲಿ ಚೆನ್ನಾಗಿದೆ ಸರ್, ನಾನು ಬೈಯೋದಿಲ್ಲ. ಆದ್ರೆ ಮೊದಲನೇ ತಟ್ಟೇಲಿ ಹತ್ತು ನಿಮಿಷ ಕೂತ್ಕೊಳ್ಳೋಕೆ ಬಿಡಬೇಕಲ್ಲ. ಬಂದೋರೆಲ್ಲ ಪ್ರಗತಿ ನೋಟ ತುಂಬಿದೆಯಾ ಅಂತಾರೆ. ಈ ಮಗು ಓದುತ್ತಾ ಅಂತ ಕೇಳಿದ್ರೆ ಖುಷಿಯಾಗಿ ಓದಿಸ್ತಿದ್ದೆ.” ಗೋಡೆಯ ಪ್ರಗತಿ ನೋಟದ ಪಟ ಪೂರ್ತಿ ತುಂಬಿತ್ತು. ಮೂರನೇ ತರಗತಿಯ ಇಬ್ಬರು ಹುಡುಗರು ಇನ್ನೂ ಒತ್ತಕ್ಷರಕ್ಕೆ ತಡವರಿಸುತ್ತಿದ್ದರು, ಅದು ಆಕೆಗೆ ಗೊತ್ತಿತ್ತು, ಅವರ ಹೆಸರು ಹಿಡಿದು ನನಗೆ ತೋರಿಸಿದವರೂ ಆಕೆಯೇ.

ಬಿಹಾರದ ಒಗಟು ನನಗೆ ಬಿಡಿಸಿಕೊಂಡದ್ದು ಆ ಕೋಣೆಯಲ್ಲಿ. ಬೇಸಿಗೆ ಶಿಬಿರದಲ್ಲಿ ಶಿಕ್ಷಕರಿಗೆ ಒಂದೇ ಕೆಲಸವಿತ್ತು: ಮಗು ಓದಬೇಕು. ಜುಲೈಯಲ್ಲಿ ಪಠ್ಯ ಮುಗಿಸಬೇಕು, ದಾಖಲೆ ತುಂಬಬೇಕು, ಪಟ್ಟಿ ಕಳಿಸಬೇಕು. ಓದಿಸುವುದು ಇವೆಲ್ಲ ಮುಗಿದ ಮೇಲೆ ಉಳಿದರೆ ಉಂಟು. ಹೊಸ ಪದ್ಧತಿ ಎಷ್ಟೇ ಒಳ್ಳೆಯದಾದರೂ ಈ ಸಾಲಿನಲ್ಲಿ ಇನ್ನೊಂದು ಕೆಲಸವಾಗಿ ಬಂದು ನಿಲ್ಲುತ್ತದೆ.

ಸರ್ಕಾರದಿಂದ ಇಂಥವು ಆಗುವುದೇ ಇಲ್ಲ, ಖಾಸಗಿಯವರಿಗೆ ಒಪ್ಪಿಸಿ ಎನ್ನುವವರಿದ್ದಾರೆ. ಅವರ ಬಳಿಯೂ ಪುರಾವೆ ಇದೆ. ಕೀನ್ಯಾದಲ್ಲಿ ಗುತ್ತಿಗೆ ಶಿಕ್ಷಕರ ಪ್ರಯೋಗವನ್ನು ಒಂದು ಸ್ವಯಂಸೇವಾ ಸಂಸ್ಥೆ ನಡೆಸಿದ ಕಡೆ ಮಕ್ಕಳು ಮುಂದೆ ಬಂದರು, ಅದನ್ನೇ ಸರ್ಕಾರ ನಡೆಸಿದ ಕಡೆ ಬರಲಿಲ್ಲ. ಆದರೂ ಆ ತೀರ್ಮಾನಕ್ಕೆ ನಾನು ಒಪ್ಪಲಾರೆ. ಬಿಸಿಯೂಟ ನೋಡಿ. 2001ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಬೇಯಿಸಿದ ಊಟ ಕೊಡಲೇಬೇಕೆಂದಿತು. 2002ರಲ್ಲಿ ಅಕ್ಷರ ದಾಸೋಹ ಈಶಾನ್ಯದ ಜಿಲ್ಲೆಗಳಲ್ಲಿ ಶುರುವಾಗಿ ಬೇಗನೆ ರಾಜ್ಯಕ್ಕೆಲ್ಲ ಹಬ್ಬಿತು. ಸೈಕಲ್ ಬಂತು, 2013ರಲ್ಲಿ ಹಾಲು ಬಂತು. ಇಷ್ಟು ದೊಡ್ಡ ರಾಜ್ಯದ ಮೂಲೆಮೂಲೆಗೆ ದಿನಾ ಅನ್ನ ಮುಟ್ಟಿಸುವುದು ಸಣ್ಣ ಸಾಮರ್ಥ್ಯವಲ್ಲ. ಆದರೆ ಅನ್ನ ಎಲ್ಲ ಮಕ್ಕಳಿಗೂ ಒಂದೇ; ಎಷ್ಟು ಬಡಿಸಲಾಯಿತೆಂದು ಎಣಿಸಬಹುದು, ಬಡಿಸದಿದ್ದರೆ ಅಂದೇ ಊರಿಗೆಲ್ಲ ಗೊತ್ತಾಗುತ್ತದೆ. ಓದು ಹಾಗಲ್ಲ. ಒಂದೇ ಬೆಂಚಿನ ನಾಲ್ಕು ಮಕ್ಕಳಿಗೆ ನಾಲ್ಕು ಬೇರೆ ಬೇರೆ ಬೇಕು, ಅದನ್ನು ತೀರ್ಮಾನಿಸಬೇಕಾದವರು ಅಲ್ಲೇ ಕೂತವರು, ಸಿಗದಿದ್ದರೆ ವರ್ಷಗಟ್ಟಲೆ ಯಾರಿಗೂ ಗೊತ್ತಾಗುವುದಿಲ್ಲ. ಎಲ್ಲರಿಗೂ ಒಂದೇ ಆದದ್ದನ್ನು ಹಂಚಲು ಕಲಿತ ಇಲಾಖೆ, ಒಬ್ಬೊಬ್ಬರಿಗೆ ಬೇರೆಯಾದದ್ದನ್ನೂ ಅದೇ ಕ್ರಮದಲ್ಲಿ ಹಂಚಲು ಹೊರಟಿದೆ. ನಮ್ಮ ಶಾಲಾ ಸುಧಾರಣೆಗಳು ಸೋಲುವುದು ಇಲ್ಲಿ ಎಂದು ನನಗನ್ನಿಸುತ್ತದೆ.

ಖಾಸಗಿ ಶಾಲೆ ಈ ಕೆಲಸ ಮಾಡುತ್ತಿದೆಯೇ ಎಂದರೆ, ಆಂಧ್ರದಲ್ಲಿ ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ನಡೆಸಿದ ಅಧ್ಯಯನ ಬೇರೆ ಕಥೆ ಹೇಳುತ್ತದೆ. ಲಾಟರಿಯಲ್ಲಿ ಗೆದ್ದ ಮಕ್ಕಳಿಗೆ ಶುಲ್ಕ ಭರಿಸಿ ಖಾಸಗಿ ಶಾಲೆಗೆ ಕಳಿಸಿದರು. ನಾಲ್ಕು ವರ್ಷದ ಮೇಲೆ ನೋಡಿದರೆ ತೆಲುಗಿನಲ್ಲಿ, ಗಣಿತದಲ್ಲಿ ಅವರು ಸರ್ಕಾರಿ ಶಾಲೆಯಲ್ಲೇ ಉಳಿದವರಿಗಿಂತ ಮುಂದಿರಲಿಲ್ಲ, ಹಿಂದಿಯಲ್ಲಿ ಮುಂದಿದ್ದರು. ಖರ್ಚು ಮಾತ್ರ ಸರ್ಕಾರಿ ಶಾಲೆಯ ಮೂರನೇ ಒಂದು ಭಾಗ. ಒಬ್ಬರು ಇದನ್ನು ಹಿಡಿದು ‘ಖಾಸಗಿ ಅಗ್ಗ’ ಎನ್ನುತ್ತಾರೆ, ಇನ್ನೊಬ್ಬರು ‘ಖಾಸಗಿಯೇನೂ ಮೇಲಲ್ಲ’ ಎನ್ನುತ್ತಾರೆ. ಎರಡೂ ನಿಜ, ಓದಲು ಬಾರದ ಮಗುವಿಗೆ ಎರಡರಿಂದಲೂ ಪ್ರಯೋಜನವಿಲ್ಲ. ನಮ್ಮ ರಾಜ್ಯದ 2018ರ ಬಜೆಟ್ಟಿನಲ್ಲಿ 28,847 ಸರ್ಕಾರಿ ಶಾಲೆಗಳನ್ನು 8,530 ಶಾಲೆಗಳಲ್ಲಿ ವಿಲೀನಗೊಳಿಸುವ ಮಾತು ಬಂದಾಗ ಲೇಖಕರು, ಶಿಕ್ಷಣ ತಜ್ಞರು ವಿರೋಧಿಸಿದರು. ಆರು ವರ್ಷದ ಮಗು ನಡೆದು ಹೋಗುವಷ್ಟು ದೂರದಲ್ಲಿ ಶಾಲೆ ಇರಬೇಕೆಂಬ ಅವರ ಮಾತಿಗೆ ನನ್ನ ಪೂರ್ಣ ಒಪ್ಪಿಗೆಯಿದೆ. ಜೊತೆಗೆ ಇನ್ನೊಂದನ್ನೂ ಕೇಳಬೇಕಿತ್ತು. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಅರವತ್ತು ಮಕ್ಕಳವರೆಗೆ ಇಬ್ಬರೇ ಶಿಕ್ಷಕರು. ಐದು ತರಗತಿಗೆ ಇಬ್ಬರು, ಅವರಲ್ಲೊಬ್ಬರು ಸದಾ ಕಚೇರಿ ಕೆಲಸದಲ್ಲಿ. ಉಳಿಸಿಕೊಂಡ ಶಾಲೆಯೊಳಗೆ ಮಗುವಿಗೆ ಸಿಗುವ ಶಿಕ್ಷಕರೆಷ್ಟು?

ಹರಿಯಾಣದಲ್ಲಿ 2012-13ರಲ್ಲಿ ನಡೆದದ್ದು ನನಗೆ ದಾರಿ ತೋರಿಸುತ್ತದೆ. ಪ್ರಥಮ್ ಮತ್ತು ಅಲ್ಲಿನ ಸರ್ಕಾರ ಎರಡು ಕೆಲಸ ಮಾಡಿದವು. ದಿನಕ್ಕೊಂದು ಗಂಟೆಯನ್ನು ಮಟ್ಟಕ್ಕೆ ತಕ್ಕ ಕಲಿಕೆಗೆಂದೇ ತೆಗೆದಿಟ್ಟವು. ಆ ಗಂಟೆಯಲ್ಲಿ ಪಠ್ಯವಿಲ್ಲ. ಶಿಕ್ಷಕರಿಗೆ ಬೆಂಬಲವಾಗಿ ಬರಬೇಕಾದ ಮೇಲ್ವಿಚಾರಕರು ಮೊದಲು ತಾವೇ ಕೆಲವು ವಾರ ಮಕ್ಕಳೊಂದಿಗೆ ಕೂತು ಆ ಪದ್ಧತಿಯಲ್ಲಿ ಕಲಿಸಿದರು, ಆಮೇಲೆ ಶಾಲೆಗಳಿಗೆ ಹೋದರು. ಸಾಮಾನ್ಯ ಶಾಲಾ ದಿನಗಳಲ್ಲೇ, ಸಾಮಾನ್ಯ ಸರ್ಕಾರಿ ಶಿಕ್ಷಕರಿಂದಲೇ ಮಕ್ಕಳ ಓದು ಸುಧಾರಿಸಿತು. ಗಣಿತ ಸುಧಾರಿಸಲಿಲ್ಲ, ಅದನ್ನೂ ಹೇಳಬೇಕು. ಕಲಿಸಿ ಬಂದವರು ತರಗತಿಗೆ ಕಾಲಿಟ್ಟರೆ ಗೋಡೆಯ ಪಟ ನೋಡುವುದಿಲ್ಲ, ಮಗುವಿನ ಪಕ್ಕದಲ್ಲಿ ಕೂರುತ್ತಾರೆ.

ಸುಖದೇವ್ ಥೋರಟ್ ನೇತೃತ್ವದ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟ್‌ನಲ್ಲಿ ವರದಿ ಕೊಟ್ಟಿತು. ಹೊರಗೆ ಕೇಳಿಬಂದ ಚರ್ಚೆಯೆಲ್ಲ ಬಹುಮಟ್ಟಿಗೆ ಮಾಧ್ಯಮದ ಸುತ್ತ, ದ್ವಿಭಾಷೆಯ ಸುತ್ತ. ಕನ್ನಡದಲ್ಲಿ ಕಲಿಯಬೇಕೆನ್ನುವವರಲ್ಲಿ ನಾನೂ ಒಬ್ಬ. ಅದರಿಂದಲೇ ಕನ್ನಡದಲ್ಲಿ ಓದಲು ಬಂತೇ ಎಂಬುದು ನನಗೆ ಮೊದಲ ಪ್ರಶ್ನೆ. ಹರಿಯಾಣದ ಆ ಮೇಲ್ವಿಚಾರಕರ ಜಾಗದಲ್ಲಿ ನಮ್ಮಲ್ಲಿರುವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳು, ಅಂದರೆ ಸಿಆರ್‌ಪಿಗಳು, ಹೊರಗಿನವರಲ್ಲ, ಶಿಕ್ಷಕರೇ. ಪರೀಕ್ಷೆ ಬರೆದು ಆ ಜಾಗಕ್ಕೆ ಬಂದ ಎಷ್ಟೋ ಜನ ಒಳ್ಳೆಯ ಶಿಕ್ಷಕರು ಇಂದು ಪಟ್ಟಿ ಕೇಳುವ ಫೋನುಗಳಾಗಿ ಹೋಗಿದ್ದಾರೆ, ಅವರಿಗೂ ಅದು ನೋವು. ಶಾಲೆ ತೆರೆದ ಮೊದಲ ತಿಂಗಳು ಅವರು ತಮ್ಮ ಕ್ಲಸ್ಟರಿನ ಇಬ್ಬರೇ ಶಿಕ್ಷಕರಿರುವ ಶಾಲೆಯೊಂದರಲ್ಲಿ ನಲಿ-ಕಲಿಯ ಮೊದಲ ತಟ್ಟೆಯ ಪಕ್ಕ ಕೂತು ಕಲಿಸಲಿ. ದಿನದ ಮೊದಲ ಒಂದೂವರೆ ಗಂಟೆ ಯಾವ ಕಚೇರಿಯಿಂದಲೂ ಶಾಲೆಗೆ ಫೋನು ಹೋಗಬಾರದೆಂದು ಆದೇಶವಾಗಲಿ. ಶೂ ಅಳತೆ, ಹಾಲಿನ ಲೆಕ್ಕ, ಆನ್‌ಲೈನ್ ದಾಖಲಾತಿಗೆ ಕ್ಲಸ್ಟರಿಗೊಬ್ಬರು ಡೇಟಾ ಎಂಟ್ರಿ ಆಪರೇಟರ್ ಬೇಕಾಗುತ್ತಾರೆ. ಹೊಸದಾಗಿ ಖರ್ಚು ಬರುವುದು ಅವರ ಸಂಬಳಕ್ಕೆ.