ಹೊಸ್ತಿಲಿನಾಚೆ ಮಲಗುವ ಜೀವ

ನಮಾಝ್, ಉಪವಾಸ, ಝಕಾತ್‌ಗಳ ಬಗ್ಗೆ ನಾವು ವಿದ್ವಾಂಸರಲ್ಲಿ ವಿಚಾರಿಸುತ್ತೇವೆ. ಆದರೆ ದಿನನಿತ್ಯದ ಬದುಕಿನಲ್ಲಿ ಎದುರಾಗುವ ಕೆಲವು ಸಣ್ಣ ಪ್ರಶ್ನೆಗಳನ್ನು ಯಾರಲ್ಲೂ ಕೇಳದೆ, ಸಿಟ್ಟಿನಿಂದಲೋ ಮುದ್ದಿನಿಂದಲೋ ತೀರ್ಮಾನಿಸಿ ಬಿಡುತ್ತೇವೆ. ಮನೆಗೆ ತಂದ ನಾಯಿಮರಿ ರಾತ್ರಿ ಎಲ್ಲಿ ಮಲಗಬೇಕು ಎಂಬುದು ಅಂತಹ ಒಂದು ಪ್ರಶ್ನೆ. ಮೇಲ್ನೋಟಕ್ಕೆ ಇದು ನಗು ತರಿಸುವ ವಿಷಯ. ಆದರೆ ಶುದ್ಧಿಯ ಕುರಿತಾದ ಧರ್ಮದ ಆದೇಶ ಮತ್ತು ಜೀವಿಗಳ ಮೇಲಿನ ಕರುಣೆಯ ಕುರಿತಾದ ಅದೇ ಧರ್ಮದ ಆದೇಶ ಒಂದೇ ಬಾಗಿಲಲ್ಲಿ ಎದುರು ಬದುರಾಗುವುದು ಇಲ್ಲಿಯೇ.

ಪ್ರಿಯ ಓದುಗರೇ, ಉತ್ತರ ಕನ್ನಡದ ಘಟ್ಟದ ಮೇಲಿನ ಸೀಮೆಯನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಸೋಂದಾ, ಸ್ವರ್ಣವಲ್ಲಿಯ ಸುತ್ತಮುತ್ತಲಿನ ಅಡಿಕೆ ತೋಟಗಳು, ಸಿದ್ದಾಪುರದ ಬೆಟ್ಟಗಳು, ಯಲ್ಲಾಪುರದ ದಟ್ಟ ಕಾಡು. ಇಲ್ಲಿ ಮನೆಗಳು ಒಂದಕ್ಕೊಂದು ಅಂಟಿಕೊಂಡಿಲ್ಲ. ಹಗಲು ತೋಟಕ್ಕೆ ಮಂಗಗಳು ಬರುತ್ತವೆ. ರಾತ್ರಿ ಗದ್ದೆಗೆ ಕಾಡುಹಂದಿ ಇಳಿಯುತ್ತದೆ. ಕೊಟ್ಟಿಗೆಯ ಹತ್ತಿರ ಚಿರತೆ ಸುಳಿಯುವುದೂ ಉಂಟು. ಹೀಗಾಗಿ ಇಲ್ಲಿನ ಕೃಷಿಕನಿಗೆ, ಅವನು ಯಾವ ಸಮುದಾಯದವನೇ ಆಗಿರಲಿ, ನಾಯಿ ಎಂಬುದು ಶೋಕಿಯ ವಸ್ತುವಲ್ಲ. ತೋಟ ಮಾಡಿಕೊಂಡಿರುವ ಮುಸ್ಲಿಮ್ ಮನೆಗಳಿಗೂ ಯಲ್ಲಾಪುರ, ಹಳಿಯಾಳದ ಕಾಡಂಚಿನಲ್ಲಿರುವ ಸಿದ್ದಿ ಮುಸ್ಲಿಮ್ ಕುಟುಂಬಗಳಿಗೂ ಈ ಮಾತು ಅನ್ವಯಿಸುತ್ತದೆ. ಕಾವಲಿಗೆ ನಾಯಿ ಬೇಕೆಂದರೆ ಮೊದಲು ಮರಿಯನ್ನೇ ತರಬೇಕು. ಮರಿಯನ್ನು ತಂದ ಮೊದಲ ರಾತ್ರಿಯೇ ಮನೆಯಲ್ಲಿ ವಾದ ಆರಂಭವಾಗುತ್ತದೆ. ಮಗು ಅದನ್ನು ತನ್ನ ಚಾಪೆಯ ಬದಿಯಲ್ಲಿ ಮಲಗಿಸಬೇಕೆನ್ನುತ್ತದೆ. ತಹಜ್ಜುದ್‌ಗೆ ಏಳುವ ದಾದಿ ಅದು ಅಂಗಳ ದಾಟಿ ಬರಕೂಡದೆನ್ನುತ್ತಾರೆ. ಹೊರಗೆ ಮಳೆ ಸುರಿಯುತ್ತಿರುತ್ತದೆ.

ಈ ವಾದವನ್ನು ಬಿಡಿಸುವ ಮೊದಲು ಇನ್ನೊಂದು ಪ್ರಶ್ನೆಯನ್ನು ಕೇಳಿಕೊಳ್ಳಬೇಕು. ಮರಿಯನ್ನು ತಂದದ್ದು ಏಕೆ? ಜಾನುವಾರು ಕಾಯಲು, ಬೇಟೆಗೆ ಅಥವಾ ಕೃಷಿಯ ರಕ್ಷಣೆಗೆ ಹೊರತು ನಾಯಿ ಸಾಕುವವನ ಪುಣ್ಯದಿಂದ ದಿನಕ್ಕೆ ಒಂದು ಕೀರಾತ್‌ನಷ್ಟು ಕಡಿಮೆಯಾಗುತ್ತದೆಂದು ಪ್ರವಾದಿ(ಸ) ಎಚ್ಚರಿಸಿರುವುದನ್ನು ಹಝ್ರತ್ ಅಬೂ ಹುರೈರಾ(ರ) ವರದಿ ಮಾಡಿದ್ದಾರೆ. ಬೇರೆ ಕೆಲವು ವರದಿಗಳಲ್ಲಿ ಎರಡು ಕೀರಾತ್ ಎಂದಿದೆ. ಈ ಮೂರು ಅಗತ್ಯಗಳ ಜಾಡಿನಲ್ಲಿಯೇ ಮನೆಯ ಕಾವಲನ್ನೂ ಸೇರಿಸಬಹುದೆಂದು ಅನೇಕ ಫಿಕ್ಹ್ ವಿದ್ವಾಂಸರು ಅಭಿಪ್ರಾಯಪಟ್ಟಿದ್ದಾರೆ. ಅನುಮತಿಯಿರುವ ಕೆಲಸಕ್ಕಾಗಿ ಮರಿಯನ್ನು ತಂದು ಬೆಳೆಸುವುದೂ ಸರಿ ಎಂಬ ಅಭಿಪ್ರಾಯವೇ ಹೆಚ್ಚು ಸಮಂಜಸವೆಂದು ಇಮಾಮ್ ನವವಿ(ರ) ಹೇಳಿದ್ದಾರೆ. ಕಲಿಸಿದ ನಾಯಿ ಹಿಡಿದು ತಂದ ಬೇಟೆಯನ್ನು ಪವಿತ್ರ ಕುರ್‌ಆನ್ ಹಲಾಲ್ ಎಂದಿದೆ. ಅದಕ್ಕೆ ಕಲಿಸುವ ವಿದ್ಯೆಯೂ ಅಲ್ಲಾಹನೇ ಮನುಷ್ಯನಿಗೆ ಕಲಿಸಿದ್ದೆಂದು ಅಲ್ಲಿಯೇ ನೆನಪಿಸಲಾಗಿದೆ (5:4). ಆದ್ದರಿಂದ ತೋಟದ ಮನೆಯವನು ನಾಯಿ ಸಾಕುವುದಕ್ಕೆ ನಾಚಬೇಕಾಗಿಲ್ಲ. ಪೇಟೆಯಲ್ಲಿ ಅಂಗಳವೂ ಇಲ್ಲದ ಎರಡು ಕೋಣೆಯ ಮನೆಯಲ್ಲಿ, ನೆರೆಯವರಿಗೆ ತೋರಿಸಲೆಂದು ಬೆಲೆಬಾಳುವ ತಳಿಯ ಮರಿಯನ್ನು ತರುವವನ ವಿಷಯ ಬೇರೆ. ಅದು ಎಲ್ಲಿ ಮಲಗಬೇಕೆಂಬ ಪ್ರಶ್ನೆಗೆ ಉತ್ತರ, ಅದನ್ನು ತರಲೇಬಾರದಿತ್ತು ಎಂಬುದು.

ಅಗತ್ಯಕ್ಕಾಗಿಯೇ ತಂದ ಮರಿ ಎಂದಿಟ್ಟುಕೊಳ್ಳೋಣ. ಅದು ಮನೆಯೊಳಗೆ ಮಲಗಬಹುದೇ? ಇಲ್ಲಿ ನಮಗೆ ದಾರಿ ತೋರಿಸುವ ಘಟನೆ ಪ್ರವಾದಿವರ್ಯರ(ಸ) ಮನೆಯಲ್ಲೇ ನಡೆದಿದೆ. ನಿಗದಿತ ಸಮಯಕ್ಕೆ ಬರುವುದಾಗಿ ಮಾತು ಕೊಟ್ಟಿದ್ದ ಜಿಬ್ರೀಲ್(ಅ) ಬರಲಿಲ್ಲ. ಪ್ರವಾದಿ(ಸ) ಚಿಂತಿತರಾದರು. ಆಮೇಲೆ ನೋಡಿದರೆ ಮಂಚದ ಕೆಳಗೆ ಒಂದು ನಾಯಿಮರಿ ಇತ್ತು. ಅದು ಯಾವಾಗ ಒಳಗೆ ಬಂತೆಂದು ಹಝ್ರತ್ ಆಯಿಶಾರಿಗೂ(ರ) ತಿಳಿದಿರಲಿಲ್ಲ. ಮರಿಯನ್ನು ಹೊರಗೆ ಸಾಗಿಸಲಾಯಿತು. ನಾಯಿ ಇರುವ ಮನೆಗೆ ತಾವು ಪ್ರವೇಶಿಸುವುದಿಲ್ಲವೆಂದು ಜಿಬ್ರೀಲ್(ಅ) ಬಳಿಕ ತಿಳಿಸಿದರು. ಸಹೀಹ್ ಮುಸ್ಲಿಮ್‌ನಲ್ಲಿ ಇದರ ವರದಿ ಇದೆ. ಈ ಮಾತು ಅನುಮತಿಯಿರುವ ಕಾವಲು ನಾಯಿಗೆ ಅನ್ವಯಿಸುವುದಿಲ್ಲವೆಂದು ಇಮಾಮ್ ಖತ್ತಾಬಿ(ರ) ಭಾವಿಸಿದರೆ, ಎಲ್ಲ ನಾಯಿಗಳಿಗೂ ಅನ್ವಯಿಸುತ್ತದೆಂದು ಇಮಾಮ್ ನವವಿ(ರ) ಭಾವಿಸಿದ್ದಾರೆ. ಹಾಗಿರುವಾಗ ಮಲಗುವ ಕೋಣೆ, ನಮಾಝ್ ಮಾಡುವ ಜಾಗ ಮತ್ತು ಅಡುಗೆ ಮನೆಯನ್ನು ಮರಿಯಿಂದ ದೂರವಿಡುವುದೇ ಸತ್ಯವಿಶ್ವಾಸಿಗೆ ಸುರಕ್ಷಿತ ದಾರಿ. ದಾದಿಯ ಮಾತಿನಲ್ಲಿ ಈ ಮಟ್ಟಿಗೆ ಸತ್ಯವಿದೆ.

ಮದ್‌ಹಬ್‌ಗಳ ವ್ಯತ್ಯಾಸವನ್ನೂ ಇಲ್ಲಿ ತಿಳಿದಿರುವುದು ಒಳ್ಳೆಯದು. ಕರಾವಳಿಯ ನವಾಯತರು ಅನುಸರಿಸುವ ಶಾಫಿ ಮದ್‌ಹಬ್‌ನ ಪ್ರಕಾರ ನಾಯಿಯ ಇಡೀ ಮೈ ನಜಸ್. ಘಟ್ಟದ ಮೇಲೆ ಹೆಚ್ಚಾಗಿರುವ ಹನಫಿಗಳ ಪ್ರಕಾರ ಜೊಲ್ಲು ನಜಸ್, ಒಣ ಕೂದಲು ತಾಗಿದರೆ ಬಟ್ಟೆ ಅಶುದ್ಧವಾಗುವುದಿಲ್ಲ. ಮಾಲಿಕಿಗಳು ಜೀವಂತ ನಾಯಿಯನ್ನು ಶುದ್ಧವೆಂದೇ ಪರಿಗಣಿಸಿ, ಅದು ಬಾಯಿ ಹಾಕಿದ ಪಾತ್ರೆಯನ್ನು ಏಳು ಬಾರಿ ತೊಳೆಯುವುದನ್ನು ಆರಾಧನೆಯ ಭಾಗವಾಗಿ ಕಾಣುತ್ತಾರೆ. ಹೀಗಿರುವಾಗ ಹನಫಿ ಸೊಸೆಯೂ ಶಾಫಿ ಅತ್ತೆಯೂ ಇರುವ ಮನೆಯಲ್ಲಿ ಒಬ್ಬರು ಇನ್ನೊಬ್ಬರ ದೀನ್‌ನಲ್ಲಿ ಕೊರತೆ ಹುಡುಕುವುದು ತಪ್ಪು. ಹೆಚ್ಚು ಜಾಗ್ರತೆ ಬಯಸುವವರ ಮನಸ್ಸಿಗೆ ನೋವಾಗದಂತೆ ಮರಿಯ ಜಾಗವನ್ನು ಗೊತ್ತುಪಡಿಸುವುದು ಕುಟುಂಬದ ಶಿಷ್ಟಾಚಾರ.

ಇಷ್ಟಕ್ಕೇ ಮುಗಿಸಿದರೆ ನಾವು ಅರ್ಧ ಧರ್ಮವನ್ನು ಮಾತ್ರ ಹೇಳಿದಂತಾಗುತ್ತದೆ. ಮರಿಯನ್ನು ಮನೆಯಿಂದ ಹೊರಗೆ ಕಳುಹಿಸಿದ ಪ್ರವಾದಿವರ್ಯರೇ(ಸ) ಮರಿಗಳ ಕಾವಲಿಗೆ ಆಳನ್ನು ನಿಲ್ಲಿಸಿದ್ದೂ ಉಂಟು. ಹಿಜರಿ 8ರಲ್ಲಿ (ಕ್ರಿ.ಶ. 630) ಮಕ್ಕಾದತ್ತ ಸಾಗುತ್ತಿದ್ದ ಸೇನೆಯ ದಾರಿಯಲ್ಲಿ ಹೆಣ್ಣುನಾಯಿಯೊಂದು ಮರಿಗಳಿಗೆ ಹಾಲೂಡುತ್ತಾ ಮಲಗಿತ್ತು. ಸಾವಿರಾರು ಜನರ, ಒಂಟೆ, ಕುದುರೆಗಳ ಕಾಲಡಿಗೆ ಅವು ಸಿಗಬಾರದೆಂದು, ಸೇನೆ ದಾಟಿ ಹೋಗುವ ತನಕ ಅಲ್ಲಿ ನಿಂತಿರಲು ಒಬ್ಬ ಸಂಗಡಿಗರನ್ನು ಪ್ರವಾದಿ(ಸ) ನೇಮಿಸಿದರೆಂದು ಚರಿತ್ರೆಕಾರ ವಾಕಿದಿ ದಾಖಲಿಸಿದ್ದಾರೆ. ಮದೀನದಲ್ಲಿ ಒಂದು ಹಂತದಲ್ಲಿ ನಾಯಿಗಳನ್ನು ಕೊಲ್ಲುವ ಆದೇಶವಾಗಿತ್ತು, ನಿಜ. ಆದರೆ ಅನಂತರ ಅದನ್ನು ತಡೆಯಲಾಯಿತೆಂಬುದು ಮುಸ್ಲಿಮ್‌ನ ವರದಿಯಲ್ಲೇ ಇದೆ. ನಾಯಿಗಳೂ ಸಮುದಾಯಗಳಲ್ಲಿ ಒಂದು ಸಮುದಾಯವೆಂಬ ಪ್ರವಾದಿವಚನವಿದೆ. ಭೂಮಿಯ ಮೇಲಿನ ಪ್ರಾಣಿಗಳೂ ಹಾರುವ ಹಕ್ಕಿಗಳೂ ನಿಮ್ಮಂತೆಯೇ ಸಮುದಾಯಗಳೆಂದು ಕುರ್‌ಆನ್ ಕಲಿಸಿದೆ (6:38).

ಬಾಯಾರಿದ ನಾಯಿಗೆ ಬಾವಿಗಿಳಿದು ನೀರು ತಂದು ಕುಡಿಸಿ ಕ್ಷಮೆ ಪಡೆದವನ ಕಥೆ ನಮ್ಮ ಮಕ್ಕಳಿಗೂ ಗೊತ್ತು. ಅದರ ಜೊತೆಗೆ ಬೆಕ್ಕಿನಿಂದಾಗಿ ನರಕಕ್ಕೆ ಹೋದ ಸ್ತ್ರೀಯ ಹದೀಸನ್ನೂ ಸ್ವಲ್ಪ ಗಮನವಿಟ್ಟು ಓದಬೇಕು. ಆಕೆಯ ಅಪರಾಧವೇನು? ಆಕೆ ಬೆಕ್ಕನ್ನು ಪ್ರೀತಿಸಲಿಲ್ಲ ಎಂಬುದಲ್ಲ. ಅದನ್ನು ಕಟ್ಟಿಹಾಕಿದಳು, ಆಹಾರ ಕೊಡಲಿಲ್ಲ, ನೆಲದ ಹುಳು ಹುಪ್ಪಟೆಗಳನ್ನು ತಿಂದು ಬದುಕಲು ಬಿಡಲೂ ಇಲ್ಲ. ತನ್ನ ರಕ್ಷಣೆಯ ದಾರಿಯನ್ನು ಹುಡುಕಿಕೊಳ್ಳುವ ಸ್ವಾತಂತ್ರ್ಯ ಪ್ರಾಣಿಗೆ ಇರುತ್ತದೆ. ಯಾವಾತ ಆ ಸ್ವಾತಂತ್ರ್ಯವನ್ನು ಕಿತ್ತುಕೊಳ್ಳುತ್ತಾನೋ, ಅದರ ಹಸಿವು, ಚಳಿ, ಭಯಗಳ ಹೊಣೆಯೂ ಅವನ ಹೆಗಲೇರುತ್ತದೆ.

ಈಗ ಘಟ್ಟದ ಮೇಲಿನ ಆ ಮಳೆಗಾಲದ ರಾತ್ರಿಗೆ ಈ ಮಾತನ್ನು ಹೋಲಿಸಿ ನೋಡಿ. ಬೀದಿಯ ಮರಿಯಾಗಿದ್ದರೆ ಅದು ತಾಯಿಯ ಹೊಟ್ಟೆಗೆ ಅಂಟಿಕೊಂಡೋ, ಯಾವುದೋ ಕಟ್ಟಿಗೆ ರಾಶಿಯ ಸಂದಿಯಲ್ಲೋ ಮಲಗುತ್ತಿತ್ತು. ನಾವು ಅದನ್ನು ತಾಯಿಯಿಂದ ಬೇರ್ಪಡಿಸಿದ್ದೇವೆ. ಕುತ್ತಿಗೆಗೆ ಹಗ್ಗ ಹಾಕಿ ಅಂಗಳದ ಕಂಬಕ್ಕೆ ಕಟ್ಟಿದ್ದೇವೆ. ಎರಚಲು ಬಡಿದರೆ ಅದು ಸರಿಯುವಂತಿಲ್ಲ. ಚಿರತೆ ಬಂದರೆ ಓಡುವಂತಿಲ್ಲ. ನಾಯಿಯೆಂದರೆ ಚಿರತೆಗೆ ಸುಲಭದ ಆಹಾರ ಎಂಬುದು ಈ ಭಾಗದ ಯಾರಿಗೆ ತಿಳಿಯದು? ಹೀಗೆ ಕಟ್ಟಿ ಬಾಗಿಲು ಹಾಕಿಕೊಂಡು, ನಾಯಿಯ ಜಾಗ ಹೊರಗೇ ಎಂದು ಧರ್ಮ ಹೇಳಿದೆ ಎನ್ನುವುದು ಧರ್ಮದ ಹೆಸರಿನಲ್ಲಿ ನಮ್ಮ ಸೋಮಾರಿತನವನ್ನು ಮುಚ್ಚಿಕೊಂಡಂತೆ. ಹೊರಗೆ ಮಲಗಲಿ ಎಂದು ಯಾರು ಹೇಳುತ್ತಾರೋ, ಆ ಹೊರಗಿನ ಜಾಗಕ್ಕೆ ಸೂರು ಕಟ್ಟಿಕೊಡುವ ಹೊಣೆ ಅವರದ್ದೇ. ದೇಶದ ಕಾನೂನೂ ಇದನ್ನೇ ಹೇಳುತ್ತದೆ. ಸಾಕಿದವನು ಪ್ರಾಣಿಗೆ ಸಾಕಷ್ಟು ಆಹಾರ, ನೀರು, ಆಶ್ರಯ ಕೊಡದಿರುವುದು 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ ಪ್ರಕಾರ ಅಪರಾಧ.

ಅಲ್ ಕಹ್ಫ್ ಅಧ್ಯಾಯದ ಗುಹಾವಾಸಿಗಳ ನಾಯಿಯನ್ನು ನೆನೆಯಿರಿ. ಅದು ಗುಹೆಯ ಬಾಗಿಲಲ್ಲಿ ಮುಂಗಾಲು ಚಾಚಿ ಮಲಗಿತ್ತೆಂದು ಅಲ್ಲಾಹನು ತಿಳಿಸಿದ್ದಾನೆ (18:18). ಗುಹೆಯಲ್ಲಿದ್ದವರೆಷ್ಟು ಮಂದಿ ಎಂದು ಜನ ಲೆಕ್ಕ ಹಾಕುವಾಗ ಪ್ರತಿ ಸಲವೂ ನಾಯಿ ಆ ಲೆಕ್ಕದಲ್ಲಿ ಸೇರಿದೆ (18:22). ಮಲಗಿದವರ ಮಗ್ಗುಲಲ್ಲಿ ಅದು ಇರಲಿಲ್ಲ. ಆದರೂ ಅವರ ಸಂಗಡ ಇತ್ತು. ಇದರಿಂದ ಫಿಕ್ಹ್‌ನ ವಿಧಿಯನ್ನು ಹೊರಡಿಸುವುದು ನಮ್ಮ ಉದ್ದೇಶವಲ್ಲ. ಆದರೆ ಹೊಸ್ತಿಲಿನಾಚೆ ಮಲಗುವ ಜೀವವೂ ಮನೆಯ ಲೆಕ್ಕಕ್ಕೆ ಸೇರಿದ್ದೆಂಬ ಪಾಠ ಅದರಲ್ಲಿ ಸ್ಪಷ್ಟವಾಗಿದೆ.

ಹಾಗಾದರೆ ಏನು ಮಾಡಬೇಕು? ಕೊಟ್ಟಿಗೆಯ ಒಂದು ಮೂಲೆ, ಕಟ್ಟಿಗೆಮನೆ ಅಥವಾ ಹಿಂದಿನ ಜಗಲಿಯ ಒಂದು ಬದಿಯನ್ನು ಮರಿಗೆಂದು ಗೊತ್ತುಮಾಡಿ. ವುಝೂ ಮಾಡುವ ಬಚ್ಚಲಿನ ದಾರಿಯಲ್ಲಿ ಅದು ಬೇಡ. ನೆಲದ ತೇವ ತಾಗದಂತೆ ಹಲಗೆಯನ್ನೋ ಅಡಿಕೆ ದಬ್ಬೆಯ ಅಟ್ಟಳಿಗೆಯನ್ನೋ ಹಾಕಿ, ಮೇಲೆ ಒಣ ಗೋಣಿಚೀಲ ಹಾಸಿ. ಕಾಡಿನ ದರಕನ್ನು ಹಾಸಬೇಡಿ. ಮಂಗನ ಕಾಯಿಲೆ ಹರಡುವುದು ಉಣುಗುಗಳಿಂದ. ಸಿದ್ದಾಪುರಕ್ಕೆ ತಾಗಿರುವ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಆ ಕಾಯಿಲೆ ಇಂದಿಗೂ ಈ ಸೀಮೆಯನ್ನು ಬಿಟ್ಟಿಲ್ಲ. ಒಣ ಎಲೆಗಳೊಂದಿಗೆ ಉಣುಗು ಮನೆ ಸೇರುತ್ತದೆ. ರಾತ್ರಿ ಆ ಜಾಗಕ್ಕೆ ಗಟ್ಟಿಯಾದ ಬಾಗಿಲೋ ಕಬ್ಬಿಣದ ಜಾಲರಿಯೋ ಇರಲಿ. ಒಳಗೆ ಮರಿಯನ್ನು ಹಗ್ಗವಿಲ್ಲದೆ ಬಿಡಿ. ಅದರ ತಟ್ಟೆ, ನೀರಿನ ಪಾತ್ರೆ ಬೇರೆಯೇ ಇರಲಿ.

ಮರಿಗೆ ಸುಮಾರು ಎಂಟು ವಾರ ತುಂಬುವ ಮೊದಲು ತಾಯಿಯಿಂದ ಅಗಲಿಸಬೇಡಿ. ತಂದ ಮೇಲೂ ಮೊದಲ ಕೆಲವು ರಾತ್ರಿ ಅದು ಅಳುತ್ತದೆ. ಅದು ಹಟವಲ್ಲ, ತಾಯಿಯ ಬೆಚ್ಚನೆಯ ಮೈ ಸಿಗದ ಸಂಕಟ. ಹೊಡೆದು ಸುಮ್ಮನಾಗಿಸುವ ಬದಲು, ತಾಯಿ ಮಲಗುತ್ತಿದ್ದ ಗೋಣಿಯ ತುಂಡನ್ನು ತಂದು ಹಾಕಿ, ಹೊಟ್ಟೆ ತುಂಬಿಸಿ ಮಲಗಿಸಿ. ನೆರೆಮನೆಯವರಿಗೆ ಮೊದಲೇ ಒಂದು ಮಾತು ತಿಳಿಸಿ. ನೆರೆಯವರ ನಿದ್ದೆಯೂ ಅವರ ಹಕ್ಕು. ಮೂರು ತಿಂಗಳು ತುಂಬಿದೊಡನೆ ಪಶು ಆಸ್ಪತ್ರೆಯಲ್ಲಿ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿ. ಮರಿ ಆಟದಲ್ಲಿ ಮಗುವನ್ನು ಕಚ್ಚಿದರೂ ಗೀರಿದರೂ, ಆ ಜಾಗವನ್ನು ಸಾಬೂನು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಿ. ರೋಗದ ಲಕ್ಷಣ ಕಾಣಿಸಿದ ಮೇಲೆ ಬದುಕುಳಿಯುವುದು ಅತ್ಯಂತ ವಿರಳ.

ಸಾಕುವ ಉದ್ದೇಶವೇ ಇಲ್ಲದವರ ಬಾಗಿಲಿಗೂ ಒಮ್ಮೊಮ್ಮೆ ಮಳೆಯಲ್ಲಿ ನೆನೆದ ಮರಿ ಬಂದು ನಿಲ್ಲುತ್ತದೆ. ಅದನ್ನು ಕಾಲಿನಿಂದ ತಳ್ಳಬೇಡಿ. ಸಾಕುವುದು ಬೇರೆ, ಜೀವ ಉಳಿಸುವುದು ಬೇರೆ. ಸೂರಿನಡಿ ಒಂದು ಗೋಣಿ, ಒಂದಿಷ್ಟು ಅನ್ನ ಕೊಟ್ಟು ಮಳೆ ನಿಲ್ಲುವ ತನಕ ಇರಗೊಡಿ. ಆಮೇಲೆ ತೋಟಕ್ಕೆ ನಾಯಿ ಬೇಕಾದವರನ್ನು ಹುಡುಕಿ ಒಪ್ಪಿಸಿ. ಪ್ರಾಣವಿರುವ ಪ್ರತಿಯೊಂದು ಜೀವಿಯ ಸೇವೆಯಲ್ಲೂ ಪ್ರತಿಫಲವಿದೆಯೆಂದು ಪ್ರವಾದಿ(ಸ) ಹೇಳುವಾಗ ಅದರಲ್ಲಿ ನಾಯಿಯನ್ನು ಬಿಟ್ಟಿರಲಿಲ್ಲ. ಆ ಮಾತು ಬಂದದ್ದೇ ನಾಯಿಗೆ ನೀರು ಕುಡಿಸಿದವನ ಪ್ರಸಂಗದಲ್ಲಿ.

ಕೊನೆಯದಾಗಿ ಮಗುವಿನ ವಿಷಯ. ಮರಿಯನ್ನು ಕೋಣೆಯೊಳಗೆ ಬಿಡದಿದ್ದರೆ ಮಗುವಿನ ಪ್ರೀತಿಯನ್ನು ಹೊಸಕಿದಂತಾಗುವುದಿಲ್ಲವೇ ಎಂದು ಕೆಲವು ತಾಯಂದಿರು ಕೇಳಬಹುದು. ನಮ್ಮ ಹಸು ಕೊಟ್ಟಿಗೆಯಲ್ಲಿ ಮಲಗುತ್ತದೆ. ಅದರ ಮೇಲೆ ನಮಗೆ ಪ್ರೀತಿಯಿಲ್ಲವೆಂದು ಯಾರೂ ಹೇಳುವುದಿಲ್ಲ. ಪ್ರೀತಿಯನ್ನು ಅಳೆಯಬೇಕಾದದ್ದು ಹಾಸಿಗೆಯ ಅಂತರದಿಂದಲ್ಲ, ನಾವು ವಹಿಸಿದ ಕಾಳಜಿಯಿಂದ. ಮರಿ ಒಳಗೇಕೆ ಮಲಗಬಾರದೆಂದು ಮಗುವಿಗೆ ತಿಳಿಹೇಳಿ. ಆಮೇಲೆ ಅದರ ಕೈಯಿಂದಲೇ ಗೋಣಿ ಹಾಸಿಸಿ, ನೀರಿಡಿಸಿ. ಅದನ್ನು ಬಿಟ್ಟು, ಛೀ ನಾಯಿ ಎಂದು ಮರಿಯನ್ನು ಮಳೆಗೆ ಎಸೆದರೆ, ಮಗು ಕಲಿಯುವುದು ಶುದ್ಧಿಯ ಪಾಠವನ್ನಲ್ಲ. ದೀನ್‌ಗೂ ದಯೆಗೂ ಸಂಬಂಧವಿಲ್ಲವೆಂದು ಕಲಿಯುತ್ತದೆ. ಆ ಪಾಠವನ್ನು ಮರೆಸಲು ಮುಂದೆ ಎಷ್ಟು ಮದ್ರಸಗಳಿದ್ದರೂ ಸಾಲದು.

ಓದುಗರೇ, ಆ ಮರಿ ಬೆಳೆದು ದೊಡ್ಡದಾದ ಮೇಲೆ ನೀವು ಮಲಗಿರುವಾಗ ಅದು ಎಚ್ಚರವಿರುತ್ತದೆ. ನಿಮ್ಮ ಕೊಟ್ಟಿಗೆಗೆ ಬಂದ ಚಿರತೆಯನ್ನು ಮೊದಲು ಎದುರಿಸುವುದೂ ಅದೇ. ಅಂತಹ ಸೇವೆಯನ್ನು ಪಡೆಯಲಿರುವವರು ಅದಕ್ಕೆ ಒಣಗಿದ ಒಂದು ಮೂಲೆಯನ್ನು ಕೊಡಲು ಹಿಂಜರಿಯಬಾರದು. ಇಂದು ಇಶಾ ನಮಾಝ್ ಮುಗಿಸಿ ಬಾಗಿಲು ಹಾಕುವ ಮೊದಲು ಒಮ್ಮೆ ಕೊಟ್ಟಿಗೆಗೆ ಹೋಗಿ ಬನ್ನಿ. ಗೋಣಿ ಒದ್ದೆಯಾಗಿದ್ದರೆ ಬದಲಾಯಿಸಿ, ಅಗಳಿ ಸರಿಯಾಗಿದೆಯೇ ನೋಡಿ. ನಮ್ಮ ಸುಪರ್ದಿಗೆ ಒಪ್ಪಿಸಲಾದ ಪ್ರತಿಯೊಂದರ ಬಗ್ಗೆಯೂ ನಾಳೆ ನಮ್ಮಲ್ಲಿ ವಿಚಾರಣೆ ನಡೆಯಲಿದೆ. ಮಾತು ಬಾರದ ಜೀವಿಗಳ ಹಕ್ಕನ್ನು ಅರಿತು ನಡೆಯುವ ಸದ್ಬುದ್ಧಿಯನ್ನು ಅಲ್ಲಾಹನು ನಮಗೆಲ್ಲರಿಗೂ ದಯಪಾಲಿಸಲಿ.