ಬಾಗಿಲಿಗೆ ಬೀಗ ಹಾಕದ ಪ್ರಭು



ಆಸಿಯಾ ಬೀಬಿ ಎಂಬ ಕಥೋಲಿಕ ತಾಯಿಯ ಹೆಸರನ್ನು ನೀವು ಕೇಳಿರಬಹುದು. ಅವರು ಪಾಕಿಸ್ತಾನದ ಪಂಜಾಬಿನ ಹಳ್ಳಿಯೊಂದರಲ್ಲಿ ಕೂಲಿ ಮಾಡುತ್ತಿದ್ದರು. 2009ರ ಜೂನ್ ತಿಂಗಳಲ್ಲಿ ಹೊಲದ ಕೆಲಸದ ನಡುವೆ ಜೊತೆಯವರಿಗೆ ನೀರು ತಂದರು. ಕ್ರೈಸ್ತಳು ಮುಟ್ಟಿದ ನೀರು ಬೇಡವೆಂದರು ಆ ಹೆಂಗಸರು. ಮಾತಿಗೆ ಮಾತು ಬೆಳೆಯಿತು. ಪ್ರವಾದಿಯನ್ನು ನಿಂದಿಸಿದಳೆಂಬ ದೂರು ಹುಟ್ಟಿತು. 2010ರಲ್ಲಿ ಆಕೆಗೆ ಮರಣದಂಡನೆ ವಿಧಿಸಲಾಯಿತು. ಆಕೆಯ ಪರವಾಗಿ ದನಿಯೆತ್ತಿದ ಗವರ್ನರ್ ಸಲ್ಮಾನ್ ತಾಸೀರ್ ಹಾಗೂ ಕಥೋಲಿಕ ಸಚಿವ ಶಹಬಾಜ್ ಭಟ್ಟಿ 2011ರಲ್ಲಿ ಗುಂಡಿಗೆ ಬಲಿಯಾದರು. ಕೊನೆಗೆ 2018ರ ಅಕ್ಟೋಬರ್ 31ರಂದು ಆ ದೇಶದ ಸುಪ್ರೀಂ ಕೋರ್ಟು, ಆರೋಪ ರುಜುವಾತಾಗಿಲ್ಲವೆಂದು ಆಕೆಯನ್ನು ಬಿಡುಗಡೆ ಮಾಡಿತು.

"ಅವರ ಮತವೇ ಹಾಗೆ" ಎನ್ನುವ ಮುನ್ನ ಸ್ವಲ್ಪ ತಡೆಯಿರಿ. ಆಕೆಗಾಗಿ ಪ್ರಾಣ ತೆತ್ತ ತಾಸೀರ್ ಮುಸಲ್ಮಾನರು. ವಾದಿಸಿದ ವಕೀಲರೂ, ಬಿಡುಗಡೆ ಮಾಡಿದ ನ್ಯಾಯಾಧೀಶರೂ ಮುಸಲ್ಮಾನರೇ. ನಮ್ಮ ಮನೆಯ ಕಥೆಯೂ ಒಂದಿದೆ. ಕರಾವಳಿಯ ಎಷ್ಟೋ ಕಥೋಲಿಕ ಮನೆತನಗಳ ಮೂಲವಾದ ಗೋವೆಯಲ್ಲಿ, 1560ರಲ್ಲಿ ಧರ್ಮವಿಚಾರಣೆಯ ನ್ಯಾಯಾಲಯ ಆರಂಭವಾಯಿತು. ದೀಕ್ಷಾಸ್ನಾನ ಪಡೆದೂ ಹಳೆಯ ಆಚಾರಗಳನ್ನು ಬಿಡದವರನ್ನು ಸೆರೆಗೆ ತಳ್ಳಿದರು, ಕೆಲವರನ್ನು ಸುಟ್ಟರು. ಅದು ಪೂರ್ತಿಯಾಗಿ ನಿಂತದ್ದು 1812ರಲ್ಲಿ. ವಿಶ್ವಾಸದ ವಿಷಯದಲ್ಲಿ ಯಾರನ್ನೂ ಬಲವಂತಪಡಿಸಬಾರದೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಸಾರಿತು. 2000ದ ಮಾರ್ಚ್ 12ರಂದು ಜಗದ್ಗುರು ಎರಡನೇ ಜಾನ್ ಪಾಲರು ಇಂತಹ ಪಾಪಗಳಿಗಾಗಿ ದೇವರ ಕ್ಷಮೆ ಬೇಡಿದರು.

ಪ್ರಭು ಯೇಸುವನ್ನೇ ದೇವದೂಷಕನೆಂದು ಪ್ರಧಾನ ಯಾಜಕರು ಮರಣಕ್ಕೆ ಒಪ್ಪಿಸಿದರಲ್ಲವೇ? ಆದರೆ ಸಂತ ಯೊವಾನ್ನರ ಶುಭಸಂದೇಶದ ಆರನೆಯ ಅಧ್ಯಾಯವನ್ನು ಓದಿ. ಬೋಧನೆ ಕಠಿಣವೆಂದು ಅನೇಕ ಶಿಷ್ಯರು ಅವರನ್ನು ಬಿಟ್ಟು ಹೋದರು. ಪ್ರಭು ಅವರನ್ನು ಶಪಿಸಲಿಲ್ಲ, ತಡೆಯಲೂ ಇಲ್ಲ. ಉಳಿದ ಹನ್ನೆರಡು ಮಂದಿಗೂ ಹೋಗುವ ಮನಸ್ಸಿದೆಯೇ ಎಂದು ಕೇಳಿದರು. ಪೇತ್ರರು ಸ್ವಂತ ಮನಸ್ಸಿನಿಂದ ಉಳಿದರು. ಬಲವಂತದಿಂದ ಮೊಣಕಾಲೂರಿಸಬಹುದು, ಪ್ರೀತಿ ಹುಟ್ಟಿಸಲಾಗದು.

ನಮ್ಮ ಕೈಯಲ್ಲಿ ಅಂಥ ಕಾನೂನೇನೂ ಇಲ್ಲ. ಆದರೂ ಬಲಿಪೂಜೆಗೆ ಬಾರದ ಮಗನನ್ನು, ಬೇರೆ ಪ್ರಾರ್ಥನಾಕೂಟ ಸೇರಿದ ತಮ್ಮನನ್ನು, ಅನ್ಯಮತದವರನ್ನು ಮದುವೆಯಾದ ಮಗಳನ್ನು ನಾವೂ ಶಿಕ್ಷಿಸುತ್ತೇವೆ. ಮಾತು ಬಿಡುತ್ತೇವೆ, ಹಬ್ಬದೂಟಕ್ಕೆ ಕರೆಯುವುದಿಲ್ಲ, ಹೆಸರೆತ್ತಿದರೆ ಮುಖ ತಿರುಗಿಸುತ್ತೇವೆ. ಆ ಮನೆಯ ತಾಯಿ ಮಾತ್ರ ಅಡುಗೆಮನೆಯಲ್ಲಿ ಗುಟ್ಟಾಗಿ ಕಣ್ಣೊರೆಸಿಕೊಳ್ಳುತ್ತಾಳೆ.

ಈ ವಾರ ಮನೆಯ ಜಪಸರದಲ್ಲಿ, ಧರ್ಮದ ಹೆಸರಿನಲ್ಲಿ ಸೆರೆಯಲ್ಲಿರುವ ಎಲ್ಲ ಮತದವರಿಗಾಗಿ ಪ್ರಾರ್ಥಿಸಿ. ಜಪಸರ ಮುಗಿದ ಮೇಲೆ ಆ ಮಗನಿಗೊಂದು ಫೋನ್ ಮಾಡಿ. ಪೂಜೆಯ ಮಾತು ಎತ್ತಬೇಡಿ. ಊಟವಾಯಿತೇ ಎಂದು ಕೇಳಿ, ಸಾಕು.