ಗೇಟಿನಲ್ಲಿ ಕೇಳುವ ಪುರಾವೆ

ನಾನು ಹಳಿಯಾಳ ಕಡೆಯವನು ಅಂತ ಗೊತ್ತಾದ ಮೇಲೆ ಆಫೀಸಿನವರು ಕೇಳೋದು ಎರಡೇ ಪ್ರಶ್ನೆ. ದಾಂಡೇಲಿಯಲ್ಲಿ ರಾಫ್ಟಿಂಗ್ ಯಾವ ತಿಂಗಳು ಚೆನ್ನಾಗಿರುತ್ತೆ, ಗೊತ್ತಿರೋ ಹೋಮ್‌ಸ್ಟೇ ಇದೆಯಾ. ಈಚೆಗೆ ಮೂರನೆಯದೊಂದು ಬಂತು. ಎರಡು ವರ್ಷ ಅಮೆರಿಕದಲ್ಲಿ ಆನ್‌ಸೈಟ್ ಇದ್ದು ಬಂದ ಗೆಳೆಯ ಊಟದ ಹೊತ್ತಿನಲ್ಲಿ ಕೇಳಿದ: "ಯುದ್ಧದಲ್ಲಿ ಸತ್ತ ಸೈನಿಕರ ಮನೆಯವರು ನಿಮ್ಮ ಕಾಡು ನೋಡೋಕೆ ಬಂದರೂ ಟಿಕೆಟ್ ತಗೋಬೇಕಾ? ಅಲ್ಲಿ ಅವರಿಗೆ ಫ್ರೀ."

ಅವನು ಹೇಳಿದ್ದು ನಿಜ. ಅಲ್ಲಿ ಅಂಥವರನ್ನು ಗೋಲ್ಡ್ ಸ್ಟಾರ್ ಕುಟುಂಬ ಅನ್ನುತ್ತಾರೆ. 2020ರ ನವೆಂಬರಿನಿಂದ ರಾಷ್ಟ್ರೀಯ ಉದ್ಯಾನಗಳೂ ಸೇರಿ ಎರಡು ಸಾವಿರಕ್ಕೂ ಹೆಚ್ಚು ಸರ್ಕಾರಿ ತಾಣಗಳಿಗೆ ಅವರಿಗೆ ಪ್ರವೇಶ ಉಚಿತ. 2021ರ ಡಿಸೆಂಬರಿನಲ್ಲಿ ಅದಕ್ಕೆ ಕಾನೂನಿನ ಬಲವೂ ಬಂತು. ಆದರೆ ನನ್ನ ಗಮನ ಸೆಳೆದದ್ದು ಉಚಿತ ಅನ್ನೋದಲ್ಲ. ಆ ಮನೆಯವರು ಜಾಲತಾಣಕ್ಕೆ ಹೋಗಿ, 'ನಾನು ಇದಕ್ಕೆ ಅರ್ಹ' ಎಂದು ತಾವೇ ದೃಢೀಕರಿಸಿ, ಒಂದು ವೋಚರ್ ಇಳಿಸಿಕೊಂಡರಾಯಿತು. ಅವರ ಮಾತೇ ಪುರಾವೆ.

"ಹಂಗಾದ್ರೆ ಯಾರು ಬೇಕಾದ್ರೂ ಸುಳ್ಳು ಹೇಳಬಹುದಲ್ಲ" ಅಂದಳು ಟೆಸ್ಟಿಂಗ್ ಟೀಮಿನ ಗೆಳತಿ. ಅವಳ ವೃತ್ತಿಯೇ ಸಂಶಯ ಪಡೋದು, ತಪ್ಪಲ್ಲ. ಲಾಗಿನ್ ಪುಟ ಬರೆಯುವಾಗ ನಾವೆಲ್ಲ ಮೊದಲು ಹೆದರುವುದು ಒಳಗೆ ಬರಬಾರದವನು ಬಂದುಬಿಟ್ಟರೆ ಏನು ಗತಿ ಅಂತಲೇ. ಇದರ ಜೊತೆ ಇನ್ನೊಂದು ತಪ್ಪೂ ಇದೆ: ಬರಬೇಕಾದವರನ್ನೇ ಹೊರಗೆ ನಿಲ್ಲಿಸೋದು. ಎರಡರಲ್ಲಿ ಯಾವುದು ದುಬಾರಿ ಅನ್ನೋದು ಒಳಗೆ ಏನಿದೆ ಅನ್ನೋದರ ಮೇಲೆ ಹೋಗುತ್ತೆ. ಬ್ಯಾಂಕಿನ ಖಾತೆ ಇದ್ದರೆ ಒಂದು ಲೆಕ್ಕ. ಜೋಯಿಡಾದ ಸಿಂಥೇರಿ ರಾಕ್ಸ್‌ನಲ್ಲಿ ಮೆಟ್ಟಿಲಿಳಿದು ಹೋದರೆ ಸಿಗೋದು ಒಂದು ದೊಡ್ಡ ಬಂಡೆ, ಅದರ ಬುಡದಲ್ಲಿ ಹರಿಯುವ ಕಾನೇರಿ ಹೊಳೆ. ಸುಳ್ಳು ಹೇಳಿದವನೊಬ್ಬ ನೋಡಿಬಿಟ್ಟರೆ ಬಂಡೆ ಸವೆಯೋದಿಲ್ಲ. ಇಲಾಖೆಗೆ ಒಂದು ಟಿಕೆಟ್ಟಿನ ದುಡ್ಡು ಖೋತಾ, ಅಷ್ಟೇ. ಗಂಡನನ್ನು ಕಳಕೊಂಡವಳನ್ನು ಅದೇ ಕೌಂಟರಿನಲ್ಲಿ ನಿಲ್ಲಿಸಿ, ಹಿಂದೆ ಕಾಲೇಜು ಹುಡುಗರ ಸಾಲು ಕಾಯುತ್ತಿರುವಾಗ "ಕಾರ್ಡ್ ಎಲ್ಲಿದೆ ಬಾಯಿ?" ಅಂತ ಕೇಳೋದಕ್ಕೆ ಏನು ಬೆಲೆ ಕಟ್ಟೋದು?

ಪಿಂಚಣಿ ಹೀಗಲ್ಲ. ಅಲ್ಲಿ ಒಬ್ಬರ ಪಾಲು ಇನ್ನೊಬ್ಬರಿಗೆ ಹೋದೀತು. ಅದಕ್ಕೇ ಹೆಂಡತಿಗೆಷ್ಟು, ತಾಯಿಗೆಷ್ಟು ಅನ್ನೋ ಪ್ರಶ್ನೆ ಬರುತ್ತೆ, ಕಾಗದ ಬೇಕಾಗುತ್ತೆ, ಸೈನಿಕ ಕಲ್ಯಾಣ ಇಲಾಖೆಯಂಥದ್ದೊಂದು ಬೇಕಾಗುತ್ತೆ. ಹೊಳೆ ನೋಡೋದರಲ್ಲಿ ಪಾಲಿನ ಪ್ರಶ್ನೆಯಿಲ್ಲ. ಹೆಂಡತಿ ಬರಲಿ, ತಾಯಿ ಬರಲಿ, ಅಕ್ಕ ಬರಲಿ, ಎಲ್ಲರಿಗೂ ಪೂರ್ತಿ ಹೊಳೆಯೇ. (ಸಫಾರಿ ಜೀಪಿನ ಮಾತು ಬೇರೆ. ಸೀಟು ಲೆಕ್ಕದ್ದು, ಅಲ್ಲಿ ಬುಕಿಂಗ್ ಎಲ್ಲರಂತೆ.) ಆದರೂ ನಮಗೆ ರೂಢಿಯಾಗಿರೋದು ಪಿಂಚಣಿಯ ಪದ್ಧತಿ ಒಂದೇ. ಹೆದ್ದಾರಿಯ ಟೋಲ್ ಬೋರ್ಡು ನೋಡಿ. ಪರಮವೀರ ಚಕ್ರ, ಅಶೋಕ ಚಕ್ರ ಪಡೆದವರಿಗೂ ವಿನಾಯಿತಿ ಇದೆ, ಫೋಟೋ ಇರುವ ಗುರುತಿನ ಚೀಟಿ ತೋರಿಸಿದರೆ.

ಕಾಗದ ಕೇಳೋದರಲ್ಲಿ ಇನ್ನೊಂದು ಕಷ್ಟ: ಸರ್ಕಾರ ಬರೆದಿಟ್ಟುಕೊಂಡಷ್ಟೇ ಕಾಗದದಲ್ಲಿ ಇರುತ್ತೆ. ನಾವು ಸಲೀಸಾಗಿ ಬಳಸುವ 'ಹುತಾತ್ಮ' ಅನ್ನೋ ಪದವೇ ಕಡತದಲ್ಲಿಲ್ಲ. 2017ರಲ್ಲಿ ಕೇಂದ್ರ ಮಾಹಿತಿ ಆಯೋಗದ ಮುಂದೆ ರಕ್ಷಣಾ ಮತ್ತು ಗೃಹ ಸಚಿವಾಲಯಗಳೇ ಹಾಗಂತ ಹೇಳಿದವು. ಸೈನ್ಯದಲ್ಲಾದರೆ 'ಬ್ಯಾಟಲ್ ಕ್ಯಾಶುಯಲ್ಟಿ', ಸಿಆರ್‌ಪಿಎಫ್‌ನಂಥ ಪಡೆಗಳಲ್ಲಾದರೆ 'ಆಪರೇಷನ್ಸ್ ಕ್ಯಾಶುಯಲ್ಟಿ'. ನಮ್ಮ ಪಕ್ಕದ ಧಾರವಾಡ ಜಿಲ್ಲೆ ಬೆಟದೂರಿನ ಹನುಮಂತಪ್ಪ ಕೊಪ್ಪದ 2016ರ ಫೆಬ್ರುವರಿಯಲ್ಲಿ ಸಿಯಾಚಿನ್‌ನ ಹಿಮದಡಿ ಆರು ದಿನ ಉಸಿರು ಹಿಡಿದುಕೊಂಡಿದ್ದು, ಮೇಲೆ ಬಂದು, ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಅವರ ಮೇಲೆ ಬಿದ್ದದ್ದು ಹಿಮ, ಶತ್ರುವಿನ ಗುಂಡಲ್ಲ. ಮಂಡ್ಯ ಜಿಲ್ಲೆ ಗುಡಿಗೆರೆಯ ಗುರು 2019ರಲ್ಲಿ ಪುಲ್ವಾಮಾದಲ್ಲಿ ಸತ್ತ 40 ಜನರಲ್ಲೊಬ್ಬರು. ಅವರದು ಸೈನ್ಯವಲ್ಲ, ಸಿಆರ್‌ಪಿಎಫ್. ಟಿಕೆಟ್ ಹರಿಯುವ ಹುಡುಗ ಇದನ್ನೆಲ್ಲ ವಿಂಗಡಿಸಬೇಕೇ?

ಮುಂಡಗೋಡಕ್ಕೆ ಬಂದರೆ ಗಂಟು ಇನ್ನೂ ಬಿಗಿ. 1966ರಿಂದ ಅಲ್ಲಿ ಟಿಬೆಟಿಯನ್ನರ ವಸಾಹತಿದೆ. ನಮ್ಮ ಕಡೆಯವರಿಗೆ ಅದು ಮೊಮೊ ತಿನ್ನೋ, ಸ್ವೆಟರ್ ಕೊಳ್ಳೋ ಜಾಗ. ದೇಶದ ಇಂಥ ವಸಾಹತುಗಳ ಯುವಕರು ಸೇರುವ ಸ್ಪೆಷಲ್ ಫ್ರಾಂಟಿಯರ್ ಫೋರ್ಸ್ ಅನ್ನೋ ಪಡೆ 1962ರಲ್ಲಿ ಹುಟ್ಟಿತು. 1971ರ ಯುದ್ಧದಲ್ಲಿ ಅದು ಚಿತ್ತಗಾಂಗ್‌ನ ಗುಡ್ಡಗಾಡಿನಲ್ಲಿ ಕಾದಾಡಿತು, ಐವತ್ತಕ್ಕೂ ಹೆಚ್ಚು ಜನ ಅಲ್ಲಿ ಮಡಿದರು. ಗುಪ್ತ ಪಡೆ, ಹಾಗಾಗಿ ಪೇಪರಿನಲ್ಲಿ ಸುದ್ದಿಯಿಲ್ಲ, ಸಾರ್ವಜನಿಕವಾಗಿ ಪದಕವಿಲ್ಲ. 2020ರಲ್ಲಿ ಪ್ಯಾಂಗಾಂಗ್ ಬಳಿ ಸತ್ತ ನೀಮಾ ತೆನ್ಜಿನ್ ಅವರ ಅಂತ್ಯಸಂಸ್ಕಾರ ಲೇಹ್‌ನಲ್ಲಿ ಎಲ್ಲರೆದುರು ನಡೆದಾಗಲೇ ಈ ಪಡೆಯ ಹೆಸರನ್ನು ನಾನು ಗಮನಿಸಿದ್ದು. ಅಂಥ ಒಬ್ಬರ ತಂಗಿ, ಈಗ ಮುದುಕಿ, ಗೇಟಿನಲ್ಲಿ ನಿಂತು "ನಮ್ಮಣ್ಣ ಬಾಂಗ್ಲಾ ಯುದ್ಧದಲ್ಲಿ ಹೋದ" ಅಂದರೆ, ನಂಬೋದೊಂದೇ ದಾರಿ. ಪಟ್ಟಿ ತಂದಿಟ್ಟುಕೊಂಡರೆ ಆಕೆ ಸುಳ್ಳುಗಾರ್ತಿ ಆಗಿಬಿಡುತ್ತಾಳೆ.

ಹಾಗಾದರೆ ಸೈನಿಕರ ಮನೆಯವರಷ್ಟೇ ಯಾಕೆ ಅಂತ ಯಾರಾದರೂ ಕೇಳಲೇಬೇಕು. ಈ ಕಾಡಿನ ಮಟ್ಟಿಗೆ ನನ್ನ ಹತ್ತಿರ ಉತ್ತರ ಇಲ್ಲ. ದಾಂಡೇಲಿಯ ಎಸಿಎಫ್ ಮದನ್ ನಾಯಕ್ 2012ರಲ್ಲಿ ಕಾಳಿ ನದಿಯ ದಂಡೆಯಲ್ಲಿ ಮೊಸಳೆ ಇದೆ, ನೀರಿಗಿಳಿಯಬೇಡಿ ಅಂತ ಜನರಿಗೆ ಎಚ್ಚರಿಕೆ ಹೇಳಿ, ಅದಕ್ಕೇ ಹಲ್ಲೆಗೊಳಗಾಗಿ ಸತ್ತರು. ಅವರ ಸ್ವಂತ ಇಲಾಖೆಯ ಗೇಟಿದು. ಅರಣ್ಯದಲ್ಲಿ ಸತ್ತ ಗಾರ್ಡು, ವಾಚರುಗಳ ಮನೆಯವರನ್ನು ಬಿಟ್ಟು ಬರೀ ಯೂನಿಫಾರ್ಮಿನ ಬಣ್ಣ ನೋಡಿ ಬಾಗಿಲು ತೆಗೆಯೋದು ನನಗಂತೂ ಸರಿ ಕಾಣೋದಿಲ್ಲ. ಸೂಪಾ ಅಣೆಕಟ್ಟಿಗೆ ಊರು ಮುಳುಗಿ ರಾಮನಗರಕ್ಕೆ ಹೋದವರ ಮಾತು ತೆಗೆದನು ಗೆಳೆಯ. ಅವರದು ಬೇರೆ ಬಾಕಿ, ದೊಡ್ಡ ಬಾಕಿ. ಟಿಕೆಟ್ ಬಿಟ್ಟು ಅದನ್ನು ತೀರಿಸಿದೆವು ಅಂದುಕೊಳ್ಳೋದು ಬೇಡ.

ಆ ಪುಟ್ಟ ವೋಚರಿನಲ್ಲಿ ನನಗೆ ಇಷ್ಟವಾದದ್ದು ಇನ್ನೂ ಒಂದಿದೆ. ಹೇಳಬೇಕಾದ್ದನ್ನು ಮನೆಯಲ್ಲೇ, ಒಬ್ಬರೇ ಕೂತು ಹೇಳಿ ಮುಗಿಸಬಹುದು. ಗೇಟಿನಲ್ಲಿ ಮಾತಿಲ್ಲ, ಒಂದು ಹಾಳೆ ಕೈಗೆ ಕೊಟ್ಟರಾಯಿತು. ನಮ್ಮಲ್ಲಿ ಬರೀ ಬೋರ್ಡು ಹಾಕಿದರೆ ಎಷ್ಟೋ ತಾಯಂದಿರು ಅದನ್ನು ಓದಿಯೂ ಓದದವರಂತೆ ಪರ್ಸು ತೆಗೆಯುತ್ತಾರೆ. 'ನನ್ನ ಮಗ ಸತ್ತಿದ್ದಾನೆ' ಅಂತ ಅಪರಿಚಿತ ಹುಡುಗನಿಗೆ, ಅದೂ ಒಂದು ಟಿಕೆಟ್ ಉಳಿಸೋದಕ್ಕೆ, ಯಾರು ಹೇಳುತ್ತಾರೆ? ದುಡ್ಡು ಕೊಟ್ಟು, ಚಿಲ್ಲರೆ ಎಣಿಸಿಕೊಂಡು, ಎಲ್ಲರ ಹಿಂದೆ ಮೆಟ್ಟಿಲಿಳಿದು ಹೊಳೆಯ ಕಡೆ ಹೋಗುತ್ತಾರೆ.